ದೇವರಿಗೆ ಎಷ್ಟು ಹೆಸರು, ಟೀಚರ್?

(ಕರಾವಳಿಯ ಸಂಡೇ ಸ್ಕೂಲ್ ಶಿಕ್ಷಕರ ಒಂದು ದಿನದ ಕೂಟದಲ್ಲಿ ಆಡಿದ ಮಾತುಗಳು. ಬರೆದು ಕೊಡಿ ಅಂತ ಕೆಲವರು ಕೇಳಿದ್ದರಿಂದ ಬರೆದಿದ್ದೇನೆ. ಮಾತಾಡುವಾಗ ಮರೆತದ್ದನ್ನು ಇಲ್ಲಿ ಸೇರಿಸಿದ್ದೇನೆ, ಮಧ್ಯೆ ಹೇಳಿದ ಎರಡು ಕೆಟ್ಟ ಜೋಕ್‌ಗಳನ್ನು ತೆಗೆದಿದ್ದೇನೆ.)

ಸಭಾಪಾಲಕರಾದ ಅಯ್ಯನವರಿಗೆ, ಸಭೆಯ ಹಿರಿಯರಿಗೆ, ಶನಿವಾರದ ರಜೆ ಬಿಟ್ಟು ಬಂದಿರುವ ಟೀಚರ್‌ಗಳಿಗೆಲ್ಲ ವಂದನೆ.

ಒಂದು ಪದದಿಂದ ಶುರು ಮಾಡುತ್ತೇನೆ. ಎಣಿಸು. ಪ್ರತಿ ಭಾನುವಾರ ನಾವೆಲ್ಲ ಎದ್ದು ನಿಂತು ಕರ್ತನ ಪ್ರಾರ್ಥನೆ ಹೇಳುತ್ತೇವೆ. ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ. ನಮ್ಮ ಕಡೆಯವರಿಗೆ ಇದರಲ್ಲಿ ಏನೂ ತೊಡಕಿಲ್ಲ, ಯಾಕೆಂದರೆ ನಾವು ಮನೆಯಲ್ಲೂ "ನೀನು ಬರ್ತೀಯ ಅಂತ ನಾನು ಎಣಿಸಿರಲೇ ಇಲ್ಲ" ಅಂತಲೇ ಮಾತಾಡುವವರು. ಎಣಿಸುವುದು ಅಂದರೆ ಅಂದುಕೊಳ್ಳುವುದು. ಆದರೆ ಎರಡನೇ ಕ್ಲಾಸಿನ ಹುಡುಗನಿಗೆ ಹಾಗಲ್ಲ. ಅವನಿಗೆ ಎಣಿಸುವುದು ಅಂದರೆ ಗಣಿತದ ಪುಸ್ತಕ.

ನನ್ನ ಕ್ಲಾಸಿನ ಅಂಥ ಒಬ್ಬ ಹುಡುಗ ಒಂದು ದಿನ ಕೇಳಿದ, "ಟೀಚರ್, ದೇವರಿಗೆ ಎಷ್ಟು ಹೆಸರು?" ಯಾಕಪ್ಪಾ ಅಂದೆ. "ಎಣಿಸಬೇಕಲ್ಲ, ಪ್ರಾರ್ಥನೆಯಲ್ಲಿ ಹಾಗೇ ಇದೆಯಲ್ಲ" ಅಂದ. ಅವನು ಆಗಲೇ ಎಣಿಸೋದಕ್ಕೆ ಶುರು ಮಾಡಿಬಿಟ್ಟಿದ್ದ. ಪ್ರತಿ ಭಾನುವಾರ ಆ ಸಾಲು ಬಂದ ಕೂಡಲೇ ಬೆರಳು ಮಡಚುತ್ತಿದ್ದನಂತೆ. ಉಳಿದವರು ಅನುದಿನದ ಆಹಾರಕ್ಕೆ ಹೋಗುವಷ್ಟರಲ್ಲಿ ಇವನು ಇನ್ನೂ ಹೆಸರಿನಲ್ಲೇ ಇರುತ್ತಿದ್ದ. ತಂದೆ, ಕರ್ತ, ಕುರುಬ, ಬಂಡೆ, ಬೆಳಕು, ದಾರಿ, ರೊಟ್ಟಿ, ಬಾಗಿಲು. ಎಂಟಾಯಿತು. ಆಮೇಲೆ ಸ್ವಲ್ಪ ನಾಚಿಕೊಂಡು ಒಂಬತ್ತನೆಯದು ಹೇಳಿದ. "ಹೇಂಟೆ."

ಕ್ಲಾಸು ನಕ್ಕಿತು. ನಾನೂ ನಕ್ಕೆ. ಪಕ್ಕದಲ್ಲಿ ಮೊಮ್ಮಗನನ್ನು ಕರೆದುಕೊಂಡು ಹೋಗಲು ಬಂದು ನಿಂತಿದ್ದ ಅವನ ಅಜ್ಜಿ ಮಾತ್ರ ನಗಲಿಲ್ಲ. "ಉಂಟಲ್ಲ ಟೀಚರ್, ಸತ್ಯವೇದದಲ್ಲಿ ಉಂಟು" ಅಂದರು. ಮನೆಗೆ ಹೋಗಿ ನೋಡಿದೆ. ಮತ್ತಾಯ 23ನೇ ಅಧ್ಯಾಯ. ಯೆರೂಸಲೇಮನ್ನು ನೋಡಿ ಯೇಸು ಮರುಗುತ್ತಾನೆ, ಕೋಳಿ ತನ್ನ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವ ಹಾಗೆ ನಿನ್ನ ಮಕ್ಕಳನ್ನು ಸೇರಿಸಿಕೊಳ್ಳಬೇಕು ಅಂತ ಎಷ್ಟು ಸಲ ಆಸೆಪಟ್ಟೆ ಅಂತ. ಇಷ್ಟು ವರ್ಷ ಈ ಭಾಗವನ್ನು ಓದಿದ್ದೇನೆ, ಯೇಸುವಿನ ಹೆಸರುಗಳ ಪಟ್ಟಿಯಲ್ಲಿ ಹೇಂಟೆಯನ್ನು ಸೇರಿಸಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ಈಗ ಮುಖ್ಯವಾದ ವಿಷಯ. ಅವನು ಇದನ್ನು ಎಲ್ಲಿ ಕೇಳಿದ? ನಾನು ಅವರಿಗೆ ಆ ಪಾಠ ಮಾಡಿಲ್ಲ. ಬೇಸಿಗೆ ರಜೆಯ ಬೈಬಲ್ ಶಾಲೆ ವಿಬಿಎಸ್‌ನಲ್ಲೂ ಮಾಡಿಲ್ಲ. ಟೀಚರ್‌ಗಳು ಯಾರೂ ಸಿಗದೆ ಸಂಡೇ ಸ್ಕೂಲ್ ನಡೆಯದ ಒಂದು ಭಾನುವಾರ ಅವನು ಅಜ್ಜಿ ಪಕ್ಕ ಬೆಂಚಿನಲ್ಲಿ ಕೂತಿದ್ದ. ಕಾಣಿಕೆ ಕವರಿನ ಹಿಂದೆ ಲಾರಿ ಚಿತ್ರ ಬಿಡಿಸುತ್ತಿದ್ದನಂತೆ. ಅವತ್ತು ಆರಾಧನೆಯಲ್ಲಿ ಓದುವ ಸತ್ಯವೇದದ ಪಾಠದಲ್ಲಿ ಈ ಮಾತು ಬಂತು. ಅವನು ಕೇಳಿಸಿಕೊಳ್ಳುತ್ತಿದ್ದಾನೆ ಅಂತ ಯಾರೂ ಎಣಿಸಿರಲಿಲ್ಲ.

ಅಂದರೆ ನಾವು ಪಾಠ ಮಾಡದೆ ಇದ್ದ ದಿನ ಅವನು ಕಲಿತ. ಇಪ್ಪತ್ತೆರಡು ವರ್ಷ ಸಂಡೇ ಸ್ಕೂಲ್ ನಡೆಸಿದವಳು ನಾನು, ಇದನ್ನು ಹೇಳೋದಕ್ಕೆ ಕಷ್ಟವಾಗುತ್ತೆ.

ನಮ್ಮಲ್ಲಿ ಏನು ನಡೆಯುತ್ತೆ ಅಂತ ನಿಮಗೆ ಗೊತ್ತು. ಎರಡನೇ ಹಾಡು ಮುಗಿಯುತ್ತೆ, ಅಯ್ಯನವರು ಕಣ್ಸನ್ನೆ ಮಾಡುತ್ತಾರೆ, ಮಕ್ಕಳು ಸಾಲಾಗಿ ಹಿಂದಿನ ಬಾಗಿಲಿನಿಂದ ಹಾಲ್‌ಗೆ ಹೋಗುತ್ತಾರೆ. ದೊಡ್ಡವರು ಒಂದು ಉಸಿರು ಬಿಡುತ್ತಾರೆ, ಆ ಉಸಿರು ಎಷ್ಟೋ ಸಲ ನನಗೆ ಕೇಳಿಸಿದೆ, ಈಗ ಆರಾಧನೆ ಶುರು ಅನ್ನೋ ಹಾಗೆ. ಮಕ್ಕಳಿಗೆ ಅವರದ್ದು, ನಮಗೆ ನಮ್ಮದು.

ಸಂಡೇ ಸ್ಕೂಲ್ ಹುಟ್ಟಿದ್ದು ಇದಕ್ಕಲ್ಲ. 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್ ಊರಿನಲ್ಲಿ ರಾಬರ್ಟ್ ರೇಕ್ಸ್ ಅನ್ನೋ ಪತ್ರಿಕೆ ನಡೆಸುವವರು ಇದನ್ನು ಶುರು ಮಾಡಿದಾಗ ಮುಂದೆ ಇದ್ದವರು ವಾರದಲ್ಲಿ ಆರು ದಿನ ದುಡಿಯುತ್ತಿದ್ದ ಬಡ ಮಕ್ಕಳು. ಅವರಿಗೆ ಸಿಗುತ್ತಿದ್ದ ಬಿಡುವು ಭಾನುವಾರ ಒಂದೇ. ಓದು ಬರಹ ಕಲಿಸಬೇಕಿತ್ತು. ಓದಿಸಿ ಆಮೇಲೆ ಚರ್ಚಿಗೂ ಕರೆದುಕೊಂಡು ಹೋಗುತ್ತಿದ್ದರು. ಶಾಲೆ ಇಲ್ಲದವರಿಗೆ ಶಾಲೆ ಅದು. ಆರಾಧನೆಯ ಬದಲಿಗೆ ಇಟ್ಟದ್ದಲ್ಲ. ನಮ್ಮ ಮಕ್ಕಳಿಗೆ ಆರು ದಿನ ಶಾಲೆ ಇದೆ, ಟ್ಯೂಷನ್ ಬೇರೆ. ಏಳನೇ ದಿನವೂ ಒಂದು ಬ್ಲಾಕ್ ಬೋರ್ಡ್ ಮುಂದೆ ಕೂರಿಸಿ ಬಾಯಿಪಾಠ ಮಾಡಿದ ಸತ್ಯವೇದದ ಬಂಗಾರದ ವಾಕ್ಯ ಒಪ್ಪಿಸು ಅನ್ನುತ್ತಿದ್ದೇವೆ. ಸಂಡೇ ಸ್ಕೂಲ್ ಮುಚ್ಚಿ ಅಂತ ನಾನು ಹೇಳುತ್ತಿಲ್ಲ, ಗಾಬರಿಯಾಗಬೇಡಿ. ಆರಾಧನೆಯ ಹೊತ್ತಿಗೆ ಮಕ್ಕಳನ್ನು ಕಳಿಸಬೇಡಿ ಅನ್ನುತ್ತಿದ್ದೇನೆ.

ಮಕ್ಕಳನ್ನು ಹತ್ತಿರ ಬಿಡಿ ಅಂತ ಯೇಸು ಹೇಳಿದ ಭಾಗ ನಮಗೆಲ್ಲ ಬಾಯಿಪಾಠ. ದೀಕ್ಷಾಸ್ನಾನದ ದಿನ ಓದುತ್ತೇವೆ, ಕ್ಯಾಲೆಂಡರಿನಲ್ಲಿ ಚಿತ್ರ ಹಾಕುತ್ತೇವೆ, ಕುರಿಮರಿ ಎಲ್ಲ ಇರುತ್ತೆ. ಆದರೆ ಮಾರ್ಕನು ಬರೆದಿರೋದರಲ್ಲಿ ಯೇಸು ಅವತ್ತು ನಗುತ್ತಾ ಇರಲಿಲ್ಲ. ಸಿಟ್ಟಾಗಿದ್ದ. ಯಾರ ಮೇಲೆ? ಅವನನ್ನು ವಿರೋಧಿಸುತ್ತಿದ್ದ ಫರಿಸಾಯರ ಮೇಲಲ್ಲ. ಮಕ್ಕಳನ್ನು ತಂದವರನ್ನು ಗದರಿಸಿದ ತನ್ನ ಶಿಷ್ಯರ ಮೇಲೆ. ಅಂದರೆ ನಮ್ಮ ಹಾಗೆ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಸೈಡ್ಸ್‌ಮೆನ್‌ಗಳ ಮೇಲೆ.

ಇನ್ನೊಂದು ಭಾಗ, ಅದನ್ನು ನಾವು ಗಮನಿಸೋದು ಕಡಿಮೆ. ಯೇಸು ಯೆರೂಸಲೇಮಿಗೆ ಬಂದ ಗರಿಗಳ ಭಾನುವಾರ ದಾರಿಯಲ್ಲಿ ಹೊಸನ್ನ ಅಂತ ಕೂಗಿದವರು ದೊಡ್ಡ ಗುಂಪು. ಮತ್ತಾಯನ ಸುವಾರ್ತೆಯಲ್ಲಿ ಮುಂದೆ ಓದಿ. ಯೇಸು ದೇವಾಲಯದ ಒಳಗೆ ಬಂದು, ವ್ಯಾಪಾರದ ಮೇಜುಗಳನ್ನು ಕೆಡವಿ, ಕುರುಡರನ್ನೂ ಕುಂಟರನ್ನೂ ಗುಣಮಾಡಿದ ಮೇಲೆ ಅಲ್ಲಿ ಇನ್ನೂ ಹೊಸನ್ನ ಅಂತ ಕೂಗುತ್ತಿದ್ದವರು ಯಾರು? ಮಕ್ಕಳು. ಬೀದಿಯಲ್ಲಿ ಕೂಗಿದ ದೊಡ್ಡವರ ದನಿ ಒಳಗೆ ಕೇಳಿಸೋದಿಲ್ಲ. ಮಹಾಯಾಜಕರಿಗೂ ಶಾಸ್ತ್ರಿಗಳಿಗೂ ಕೋಪ ಬರುತ್ತೆ, ಇವರು ಹೇಳೋದು ಕೇಳಿಸ್ತಿದೆಯಾ ಅಂತ ಯೇಸುವನ್ನೇ ಕೇಳುತ್ತಾರೆ. ಕೇಳಿಸ್ತಿದೆ ಅನ್ನುತ್ತಾನೆ, ಕೀರ್ತನೆಯ ಮಾತನ್ನೇ ತೆಗೆದು ಅವರ ಮುಂದೆ ಇಡುತ್ತಾನೆ.

ಇಷ್ಟು ಹೇಳಿ, ಈಗ ನನ್ನ ತಪ್ಪಿಗೆ ಬರುತ್ತೇನೆ.

ಸುಮಾರು ಹತ್ತು ವರ್ಷದ ಹಿಂದಿನ ಮಾತು. ಕಳೆದುಹೋದ ಕುರಿಯ ಪಾಠ. ಹತ್ತಿಯ ಉಂಡೆ ಅಂಟಿಸಿ ಫ್ಲಾನೆಲ್ ಬೋರ್ಡಿಗೆ ಕುರಿಗಳನ್ನು ಮಾಡಿಕೊಂಡು ಹೋಗಿದ್ದೆ, ರಾತ್ರಿ ಹನ್ನೊಂದರವರೆಗೆ ಕೂತು. ನೂರರಲ್ಲಿ ಒಂದು ಕಳೆದರೆ ಎಷ್ಟು ಉಳಿಯಿತು ಅಂತ ಕೇಳಿದೆ. ಎಲ್ಲರೂ ತೊಂಬತ್ತೊಂಬತ್ತು ಅಂತ ಕೂಗಿದರು. ಹಿಂದೆ ಕೂತಿದ್ದ ಒಬ್ಬ ಹುಡುಗ ಕೈ ಎತ್ತಿ, "ಟೀಚರ್, ಒಂದು ಕಾಣ್ತಿಲ್ಲ ಅಂತ ಉಳಿದ ತೊಂಬತ್ತೊಂಬತ್ತಕ್ಕೆ ಗೊತ್ತಾಯ್ತಾ?" ಅಂದ.

ಅದು ಪಾಠದಲ್ಲಿ ಇಲ್ಲ, ಕೂತ್ಕೋ ಅಂದೆ. ನನ್ನ ಹತ್ತಿ ಕುರಿಗಳು ಇನ್ನೂ ಕಾಯುತ್ತಿದ್ದವು.

ಆಮೇಲೆ ಗೊತ್ತಾಯಿತು. ಅವನ ಪಕ್ಕ ದಿನಾ ಕೂರುತ್ತಿದ್ದ ಗೆಳೆಯ ನಾಲ್ಕು ವಾರದಿಂದ ಬಂದಿರಲಿಲ್ಲ. ಆ ಮನೆಯ ತಂದೆಗೆ ಕೆಲಸ ಹೋಗಿತ್ತು, ಮನೆ ಬಾಡಿಗೆ ಕಟ್ಟಲಾಗದೆ ಊರು ಬಿಟ್ಟಿದ್ದರು. ಸಭೆಯಲ್ಲಿ ಯಾರೂ ಇದನ್ನು ಎತ್ತಿರಲಿಲ್ಲ, ವಾರ್ಷಿಕ ಚಂದಾದ ಲೆಕ್ಕ ನೋಡುವ ತಿಂಗಳು ಬಂದಾಗ ಮಾತ್ರ ಆ ಹೆಸರು ಬಂತು. ಉಳಿದ ತೊಂಬತ್ತೊಂಬತ್ತಕ್ಕೆ ಗೊತ್ತಾಗಿರಲಿಲ್ಲ. ಆ ಹುಡುಗ ಅದನ್ನೇ ಕೇಳಿದ್ದು. ಅವನು ಜಾಣತನ ತೋರಿಸುತ್ತಿರಲಿಲ್ಲ, ತನ್ನ ಬೆಂಚಿನ ಖಾಲಿ ಜಾಗ ತೋರಿಸುತ್ತಿದ್ದ. ಅವರಿಬ್ಬರೂ ಈಗಲೂ ಫೋನಿನಲ್ಲಿ ಮಾತಾಡುತ್ತಾರಂತೆ. ಸಭೆಯ ರಿಜಿಸ್ಟರಿನಲ್ಲಿ ಆ ಮನೆತನದ ಹೆಸರಿನ ಮೇಲೆ ಗೆರೆ ಎಳೆದಿದೆ.

ಮಗುವಿನ ಆತ್ಮಿಕ ಅರಿವು ಅಂದಾಗ ನಾವು ಏನೋ ದೊಡ್ಡದನ್ನು ಹುಡುಕುತ್ತೇವೆ, ದರ್ಶನ, ಕನಸು, ವಯಸ್ಸಿಗೆ ಮೀರಿದ ಮಾತು. ನಾನು ಕಂಡದ್ದು ಹೆಚ್ಚಾಗಿ ಇಂಥದ್ದು. ಯಾರು ಇಲ್ಲ ಅಂತ ಅವರಿಗೆ ಗೊತ್ತಾಗುತ್ತೆ.

ಇದೇ ಕುರುಬನ ಕಥೆಯ ಜೊತೆ ಬಹಳ ವರ್ಷ ಕಳೆದ ಒಬ್ಬರ ಬಗ್ಗೆ ಹೇಳಬೇಕು. ಸೋಫಿಯಾ ಕವಲೆಟ್ಟಿ, ರೋಮಿನವರು, ಹುಟ್ಟಿದ್ದು 1917, ತೀರಿಕೊಂಡದ್ದು 2011. ಅವರು ಹೀಬ್ರೂ ವಿದ್ವಾಂಸೆ, ಮಕ್ಕಳಿಗೆ ಪಾಠ ಹೇಳುವವರಲ್ಲ. 1954ರಲ್ಲಿ ಪರಿಚಯದ ಒಬ್ಬ ತಾಯಿ ನನ್ನ ಏಳು ವರ್ಷದ ಮಗನಿಗೆ ಸ್ವಲ್ಪ ಹೇಳಿಕೊಡಿ ಅಂದರಂತೆ. ಅವರಿಗೆ ಬೇರೇನೂ ತೋಚದೆ ಸತ್ಯವೇದದ ಮೊದಲ ಪುಟ ತೆರೆದರು. ಎರಡು ಗಂಟೆ ಆದಮೇಲೆ ತಾಯಿ ಬಂದು ಕರೆದರೆ ಹುಡುಗನ ಕಣ್ಣಲ್ಲಿ ನೀರು, ಹೋಗೋದಕ್ಕೆ ಮನಸ್ಸಿಲ್ಲ. ಅಲ್ಲಿಂದ ಬಹಳ ವರ್ಷ, ಮಾಂಟೆಸ್ಸೊರಿ ಪದ್ಧತಿ ಬಲ್ಲ ಜಾನ್ನಾ ಗೊಬ್ಬಿ ಅನ್ನುವವರ ಜೊತೆ ಸೇರಿ ಅವರು ಮಾಡಿದ ಕೆಲಸ ಮುಖ್ಯವಾಗಿ ಒಂದೇ. ಮಕ್ಕಳ ಮುಂದೆ ಒಂದು ಮಾತು ಇಟ್ಟು, ಅವರು ಯಾವುದನ್ನು ಮತ್ತೆ ಮತ್ತೆ ಕೈಗೆತ್ತಿಕೊಳ್ಳುತ್ತಾರೆ ಅಂತ ನೋಡೋದು. ಚಿಕ್ಕ ಮಕ್ಕಳು ಮತ್ತೆ ಮತ್ತೆ ಹೋದದ್ದು ಒಳ್ಳೆಯ ಕುರುಬನ ಹತ್ತಿರ, ಅವನು ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಾನೆ ಅನ್ನೋದರ ಹತ್ತಿರ. ಮರದಲ್ಲಿ ಮಾಡಿದ ಪುಟ್ಟ ಕುರಿಗಳು, ಒಂದು ಕುರಿಹಟ್ಟಿ, ಅಷ್ಟೇ ಸಾಮಾನು. ಅವರು ಉತ್ತರ ಕೇಳುತ್ತಿರಲಿಲ್ಲ, ಕಾಯುತ್ತಿದ್ದರು. ನನ್ನ ಹತ್ತಿ ಕುರಿಗಳಿಗೂ ಅವರ ಮರದ ಕುರಿಗಳಿಗೂ ಇದ್ದ ವ್ಯತ್ಯಾಸ ಅದೊಂದೇ ಅನ್ನಿಸುತ್ತೆ.

ಹಾಗಂತ ಮಕ್ಕಳೆಲ್ಲ ಪುಟ್ಟ ಪ್ರವಾದಿಗಳು, ದೊಡ್ಡವರಿಗೆ ಏನೂ ಗೊತ್ತಿಲ್ಲ ಅಂತ ನಾನು ಹೇಳಿದರೆ ಅದು ಸುಳ್ಳು. ಆ ಸುಳ್ಳು ಕೇಳೋದಕ್ಕೆ ಚೆನ್ನಾಗಿರುತ್ತೆ, ಅದಕ್ಕೇ ಜಾಸ್ತಿ ಓಡುತ್ತೆ. ಸಮುವೇಲನ ಕಥೆ ನೆನಪು ಮಾಡಿಕೊಳ್ಳಿ. ರಾತ್ರಿ ದೀಪ ಇನ್ನೂ ಆರಿಲ್ಲ, ಹುಡುಗ ಮಲಗಿದ್ದಾನೆ, ಯಾರೋ ಕರೆಯುತ್ತಾರೆ. ಓಡಿ ಯಾಜಕ ಏಲಿಯ ಹತ್ತಿರ ಹೋಗುತ್ತಾನೆ. ನಾನು ಕರೆಯಲಿಲ್ಲ, ಮಲಕ್ಕೋ ಅನ್ನುತ್ತಾನೆ ಮುದುಕ. ಎರಡು ಸಲ ಹೀಗಾಗುತ್ತೆ. ಮೂರನೇ ಸಲ ಏಲಿಗೆ ಹೊಳೆಯುತ್ತೆ. ದನಿ ಕೇಳಿಸಿದ್ದು ಹುಡುಗನಿಗೆ, ಆದರೆ ಅದು ಯಾರ ದನಿ ಅಂತ ಅವನಿಗೆ ಗೊತ್ತಿಲ್ಲ. ಯಾರ ದನಿ ಅಂತ ಗೊತ್ತಾದದ್ದು ಮುದುಕನಿಗೆ, ಆದರೆ ಅವನಿಗೆ ಕೇಳಿಸಿಲ್ಲ. ಇಬ್ಬರೂ ಒಂದೇ ಸೂರಿನಡಿ ಮಲಗಿರದೆ ಇದ್ದರೆ? ಹುಡುಗನನ್ನು ಬೇರೆ ಹಾಲ್‌ನಲ್ಲಿ ಮಲಗಿಸಿದ್ದರೆ? ನಮ್ಮ ಹೇಂಟೆ ಹುಡುಗನಿಗೂ ಹೀಗೇ ಆಯಿತು. ಅವನಿಗೆ ಹೆಸರು ಸಿಕ್ಕಿತು, ಅದು ಎಲ್ಲಿಯದು ಅಂತ ಅಜ್ಜಿಗೆ ಗೊತ್ತಿತ್ತು. ಟೀಚರ್ ನಕ್ಕಳು.

ಒಂದು ಮಾತು ಬೇಸರ ಮಾಡಿಕೊಳ್ಳದೆ ಕೇಳಿ. ಮಕ್ಕಳ ಭಾನುವಾರ ನಾವು ಮಾಡೋದು ಇದಲ್ಲ. ವರ್ಷಕ್ಕೊಂದು ಸಲ ಬಿಳಿ ಫ್ರಾಕು ಹಾಕಿಸಿ ಮುಂದೆ ನಿಲ್ಲಿಸಿ ಆಕ್ಷನ್ ಸಾಂಗ್ ಮಾಡಿಸಿ, ಅಪ್ಪಂದಿರೆಲ್ಲ ಮೊಬೈಲ್ ಎತ್ತಿ ನಿಂತು, ಕೊನೆಗೆ ಚಪ್ಪಾಳೆ. ನೋಡೋದಕ್ಕೆ ಚಂದ. ಆದರೆ ಅಲ್ಲಿ ಮಕ್ಕಳು ಕಲಾವಿದರು, ನಾವು ಪ್ರೇಕ್ಷಕರು. ಒಟ್ಟಿಗೆ ಆರಾಧನೆ ಮಾಡುವುದು ಅಂದರೆ ಇಬ್ಬರ ಮುಖವೂ ಒಂದೇ ಕಡೆ ಇರಬೇಕಲ್ವಾ.

ಅದು ಹೇಗಿರುತ್ತೆ ಅನ್ನೋದಕ್ಕೆ ನಮ್ಮ ಹತ್ತಿರವೇ ಎರಡು ಉದಾಹರಣೆ ಇದೆ.

ಮೊದಲನೆಯದು ನಮ್ಮ ಕ್ಯಾಥೊಲಿಕ್ ನೆರೆಯವರದ್ದು. ಮರಿಯಮ್ಮನ ಹುಟ್ಟಿದ ಹಬ್ಬ ಮೊಂತಿ ಫೆಸ್ತ್, ಸೆಪ್ಟೆಂಬರ್ 8. ನಾವು ಬಾಸೆಲ್ ಮಿಷನ್ ಕಡೆಯ ಪ್ರಾಟೆಸ್ಟೆಂಟರು, ಮರಿಯಮ್ಮನಿಗೆ ಹೂ ಹಾಕುವ ಪದ್ಧತಿ ನಮಗಿಲ್ಲ, ಆ ಚರ್ಚೆ ಇವತ್ತು ಬೇಡ. ಹಬ್ಬ ಹೇಗೆ ನಡೆಯುತ್ತೆ ನೋಡಿ. ಒಂಬತ್ತು ದಿನ ಮೊದಲಿನಿಂದ ಮಕ್ಕಳು ಬೆಳಿಗ್ಗೆ ಬೇಲಿ ಬೇಲಿ ಸುತ್ತಿ ಹೂ ಕೊಯ್ದು ತಟ್ಟೆ, ಬುಟ್ಟಿಯಲ್ಲಿ ತುಂಬಿಸಿಕೊಂಡು ಇಗರ್ಜಿಗೆ ಹೋಗುತ್ತಾರೆ. ದಾಸವಾಳ, ಗೊರಟೆ, ಏನು ಸಿಕ್ಕಿತೋ ಅದು. ಮಳೆಗಾಲದ ಕೊನೆ, ಚಪ್ಪಲಿಗೆಲ್ಲ ಕೆಸರು. ಕೊಂಕಣಿ ಹಾಡು ಹಾಡುತ್ತಾ ಸಾಲಾಗಿ ಬಂದು ಮಗು ಮರಿಯಳ ಮೂರ್ತಿಗೆ ಹೂ ಎಸೆಯುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ, ಮನೆಗೊಂದಿಷ್ಟು ತೆನೆ, ಹೂ ತಂದ ಮಕ್ಕಳ ಕೈಗೆ ಕಬ್ಬು. ಮನೆಗೆ ಬಂದು ಆ ತೆನೆಯ ಕಾಳು ಸುಲಿದು, ಪುಡಿ ಮಾಡಿ, ತೆಂಗಿನ ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಒಟ್ಟಿಗೆ ಹೊಸತು ಊಟ ಮಾಡುತ್ತಾರೆ. ದುಬೈಯಲ್ಲಿರುವ ಮಗನ ಪಾಲಿನ ಕಾಳನ್ನು ಅಂಚೆಯಲ್ಲಿ ಕಳಿಸುವ ಮನೆಗಳಿವೆ. ನಾನು ಹೇಳೋದು ಇಷ್ಟೇ, ಇಲ್ಲಿ ಮಕ್ಕಳನ್ನು ತೆಗೆದರೆ ಹಬ್ಬವೇ ನಿಲ್ಲುತ್ತೆ. ಅವರಿಗಾಗಿ ಬೇರೆ ಕಾರ್ಯಕ್ರಮ ಮಾಡಿಲ್ಲ. ಕೆಲಸ ಅವರದ್ದು, ದೊಡ್ಡವರು ಅವರ ಹಿಂದೆ ನಡೆಯುತ್ತಾರೆ.

ಎರಡನೆಯದು ನಮ್ಮದೇ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು, ಬೇರೆ ಬೇರೆ ಪ್ರಾಟೆಸ್ಟೆಂಟ್ ಸಭೆಗಳು ಒಟ್ಟಾದವು. 1950ರಲ್ಲಿ ಕರ್ತನ ಭೋಜನಕ್ಕೆ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವುದಕ್ಕೆ, ಹೊಸ ಆರಾಧನಾ ಕ್ರಮ ಬಂತು. ಅದರಲ್ಲಿ ಕೇರಳದ ಸುರಿಯಾನಿ ಸಭೆಗಳಿಂದ ತಂದ ಒಂದು ಪದ್ಧತಿ ಸೇರಿಸಿದರು, ಸಮಾಧಾನ ಹಂಚುವುದು. ನನ್ನ ಬಲ ಅಂಗೈ ನಿಮ್ಮ ಬಲ ಅಂಗೈಗೆ ತಾಗಬೇಕು, ಒಬ್ಬರ ಎಡಗೈ ಇನ್ನೊಬ್ಬರ ಬಲಗೈಯನ್ನು ಮುಚ್ಚಬೇಕು. ಮುಂದಿನಿಂದ ಹಿಂದಕ್ಕೆ, ಕೈಯಿಂದ ಕೈಗೆ, ಸಭೆಯ ಕೊನೆಯವರೆಗೆ ಹೋಗಬೇಕು. ಇದಕ್ಕೆ ಓದು ಬೇಡ, ಸ್ವಲ್ಪ ದೊಡ್ಡವರಾದ ಮೇಲೆ ನಂಬಿಕೆಯನ್ನು ಸಭೆಯ ಮುಂದೆ ಒಪ್ಪಿಕೊಳ್ಳುವ ದೃಢೀಕರಣ ಬೇಡ, ವಯಸ್ಸು ಬೇಡ. ಹಸ್ತ ಇದ್ದರೆ ಸಾಕು.

ನಾವು ಈಗ ಹೇಗೆ ಮಾಡುತ್ತೇವೆ? ಕೈ ತಾಗಿಸಿ ಆಗಲೇ ಮುಂದಿನವರನ್ನು ನೋಡುತ್ತಿರುತ್ತೇವೆ, ಮದುವೆಮನೆಯ ರಿಸೆಪ್ಷನ್ ಸಾಲಿನ ಹಾಗೆ. ಹೋದ ವರ್ಷ ಐದು ವರ್ಷದ ಒಬ್ಬಳು ಹುಡುಗಿ ನನ್ನ ಕೈ ಹಿಡಿದವಳು ಬಿಡಲೇ ಇಲ್ಲ. ಸಮಾಧಾನ ಅಂದೆ, ಬಿಡಲಿಲ್ಲ. ಇನ್ನೊಮ್ಮೆ ಅಂದೆ. "ನೀವು ನನ್ನ ನೋಡಿಲ್ಲ ಟೀಚರ್" ಅಂದಳು. ಬಗ್ಗಿ ನೋಡಿದೆ. ಆಮೇಲೆ ಬಿಟ್ಟಳು. ಅಂಗೈ ಪೂರ್ತಿ ಬೆವರಿತ್ತು, ಬೆರಳಲ್ಲಿ ಬಿಸ್ಕತ್ತಿನ ಪುಡಿ. ಈಗ ಯಾರಿಗೆ ಸಮಾಧಾನ ಕೊಟ್ಟರೂ ನಾನು ಮುಖ ನೋಡುತ್ತೇನೆ. ನಮ್ಮ ಸಭೆಯಲ್ಲಿ ಸುಮಾರು ಜನರ ಕಣ್ಣಿನ ಬಣ್ಣ ನನಗೆ ಗೊತ್ತಾದದ್ದು ಆ ಮೇಲೆ.

ಕರ್ತನ ಭೋಜನದ ಪ್ರಶ್ನೆ ಇದೆ, ಅದನ್ನು ಮುಟ್ಟದೆ ಹೋದರೆ ಯಾರಾದರೂ ಕೇಳೇ ಕೇಳುತ್ತೀರಿ. ನಮ್ಮ ಸಭೆಯಲ್ಲಿ ದೃಢೀಕರಣ ಆಗದ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡುತ್ತಾರೆ, ರೊಟ್ಟಿ ಇಲ್ಲ. ಇದು ಎಲ್ಲ ಕಡೆ ಹೀಗಲ್ಲ. ಇಲ್ಲೇ ಬ್ರಹ್ಮಾವರದ ಆರ್ಥೊಡಾಕ್ಸ್ ಸಭೆಯವರ ಪದ್ಧತಿ ನೋಡಿ, ದೀಕ್ಷಾಸ್ನಾನವಾದ ಕೂಸಿಗೂ ಪಾಲು ಉಂಟು. ಪಶ್ಚಿಮದ ಸಭೆಯಲ್ಲೂ ಮೊದಲ ಶತಮಾನಗಳಲ್ಲಿ ಹಾಗೇ ಇತ್ತು, ಆಮೇಲೆ ತಿಳಿವಳಿಕೆಯ ವಯಸ್ಸು ಬರಲಿ ಅಂತ ದೂರ ಇಟ್ಟರು. ಕ್ಯಾಥೊಲಿಕ್ ಸಭೆಯಲ್ಲಿ 1910ರಲ್ಲಿ ಹತ್ತನೇ ಪಯಸ್ ಪೋಪ್ ಸುಮಾರು ಏಳು ವರ್ಷಕ್ಕೆ ಇಳಿಸಿದರು. ನನ್ನ ಅಭಿಪ್ರಾಯ ಏನು ಅಂತ ನಿಮಗೆ ಈಗಾಗಲೇ ಗೊತ್ತಾಗಿರುತ್ತೆ, ಆದರೆ ಅದು ಇಡೀ ಸಭೆಯ ಆಡಳಿತ ಮಂಡಳಿಯಾದ ಸಿನೊಡ್ ಮಟ್ಟದ ಮಾತು, ನಾನು ಮಾತಾಡಿ ಮುಗಿಯೋದಲ್ಲ. ವಿಮೋಚನಕಾಂಡದಲ್ಲಿ, ಐಗುಪ್ತದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕದ ಊಟದ ಬಗ್ಗೆ ಹೇಳುವಾಗ, ಈ ಆಚರಣೆ ಯಾಕೆ ಅಂತ ನಿಮ್ಮ ಮಕ್ಕಳು ಕೇಳಿದರೆ ಹೀಗೆ ಹೇಳಿ ಅಂತ ಮೋಶೆ ಹೇಳುತ್ತಾನೆ. ಕೇಳಬೇಕಾದರೆ ಮಗು ಆ ಮನೆಯಲ್ಲಿ, ಆ ಊಟದ ಹೊತ್ತಿಗೆ ಇರಬೇಕು. ನಮ್ಮ ಮಕ್ಕಳು ಆ ಹೊತ್ತಿಗೆ ಹಾಲ್‌ನಲ್ಲಿ ಬಣ್ಣ ಹಚ್ಚುತ್ತಿರುತ್ತಾರೆ. ಕೇಳೋದು ಯಾರನ್ನು?

ಕೂಟದಲ್ಲಿ ಮಾತು ಇಲ್ಲಿಗೆ ನಿಲ್ಲಿಸಿದ್ದೆ. ಕೂಡಲೇ ಒಬ್ಬ ಹಿರಿಯರು ಎದ್ದು, "ಎಲ್ಲ ಸರಿ ಅಮ್ಮಾ, ಪ್ರಸಂಗದ ಹೊತ್ತಿಗೆ ಗಲಾಟೆ ಮಾಡಿದರೆ? ನಿದ್ದೆ ಮಾಡಿದರೆ?" ಅಂದರು. ನಿದ್ದೆಯ ವಿಷಯಕ್ಕೆ ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯ ನೋಡಿ ಅಂದೆ. ಪೌಲ ಮಧ್ಯರಾತ್ರಿವರೆಗೆ ಮಾತಾಡಿದ, ಕಿಟಕಿಯಲ್ಲಿ ಕೂತಿದ್ದ ಯೂತಿಕ ಅನ್ನೋ ಹುಡುಗ ತೂಕಡಿಸಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಪೌಲನು ಬೈಯಲಿಲ್ಲ, ಇಳಿದು ಹೋಗಿ ಅಪ್ಪಿಕೊಂಡ. ಪೌಲನ ಪ್ರಸಂಗಕ್ಕೇ ನಿದ್ದೆ ಬರುತ್ತೆ ಅಂದಮೇಲೆ, ನಾವು ಕನಿಷ್ಠ ಕಿಟಕಿಯ ಬದಲು ಬೆಂಚು ಕೊಡುತ್ತಿದ್ದೇವೆ.

ಗಲಾಟೆಯ ವಿಷಯಕ್ಕೆ, ನಾವು ಮಾಡಿ ನೋಡಿದ್ದನ್ನು ಹೇಳಿದೆ. ತಿಂಗಳ ಮೊದಲ ಭಾನುವಾರ ಮಕ್ಕಳು ಕೊನೆಯವರೆಗೂ ಒಳಗೇ ಇರುತ್ತಾರೆ. ಹಿಂದೆ ಕೂರಿಸಿದರೆ ಅವರಿಗೆ ಕಾಣೋದು ದೊಡ್ಡವರ ಬೆನ್ನು ಮಾತ್ರ, ಬೆನ್ನು ನೋಡಿಕೊಂಡು ಒಂದೂವರೆ ಗಂಟೆ ನಾವೂ ಸುಮ್ನೆ ಕೂರಲ್ಲ. ಹಾಗಾಗಿ ಮೊದಲ ಎರಡು ಬೆಂಚು ಅವರಿಗೆ. ಗಂಟೆ ಹೊಡೆಯೋದು, ರೊಟ್ಟಿ ಮತ್ತು ಪಾತ್ರೆ ಮುಂದೆ ತರೋದು, ಕಾಣಿಕೆ ಎತ್ತೋದು, ಒಂದು ಪಾಠ ಓದೋದು ಅವರ ಕೆಲಸ. ತಪ್ಪು ಓದಿದರೆ ತಿದ್ದುವುದಿಲ್ಲ. ವಿಜ್ಞಾಪನೆ ಪ್ರಾರ್ಥನೆಯ ಹೊತ್ತಿಗೆ ಒಬ್ಬ ಮಗು ಎದ್ದು, ಈ ವಾರ ಯಾರು ಬಂದಿಲ್ಲ ಅಂತ ಹೆಸರು ಹೇಳುತ್ತೆ. ಅದು ನನ್ನ ಹಟ, ಕಾರಣ ನಿಮಗೆ ಗೊತ್ತು. ಅಯ್ಯನವರು ಅವತ್ತು ಪ್ರಸಂಗವನ್ನು ಹನ್ನೆರಡು ನಿಮಿಷಕ್ಕೆ ಮುಗಿಸಲು ಒಪ್ಪಿದ್ದಾರೆ, ಹದಿನೆಂಟು ಆಗುತ್ತೆ.

ಮೂರು ತಿಂಗಳು ನೋಡೋಣ ಅಂತ ಕಮಿಟಿ ಹೇಳಿದೆ. ಎರಡು ತಿಂಗಳು ಮುಗಿಯಿತು. ಇಲ್ಲಿಯವರೆಗೆ ಎರಡು ದೂರು ಬಂದಿವೆ. ಒಂದು, ಸದ್ದು ಜಾಸ್ತಿಯಾಯಿತು ಅಂತ. ಇನ್ನೊಂದು, ಮುಂದಿನ ಬೆಂಚನ್ನೆಲ್ಲ ಮಕ್ಕಳಿಗೇ ಕೊಟ್ಟರೆ ದೊಡ್ಡವರು ಎಲ್ಲಿ ಕೂರಬೇಕು ಅಂತ. ಎರಡನೆಯದನ್ನು ಬರೆದುಕೊಟ್ಟವರು ಮೂವತ್ತು ವರ್ಷದಿಂದ ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂರುವವರು.